ಜಾಲದ ಸ್ಟೋರೇಜ್ ಮೇಲೆ ಡೇಟಾಬೇಸ್: ಬೆಂಬಲದ ಹೊಣೆ ಯಾರದು?

ಡೇಟಾಬೇಸಿನ ಫೈಲುಗಳನ್ನು ಸರ್ವರಿನ ಒಳಗಿನ ಡಿಸ್ಕಿನಲ್ಲಿ ಇಡದೆ, ನೆಟ್‌ವರ್ಕ್ ಮೂಲಕ ದೊರೆಯುವ ಫೈಲ್ ಸ್ಟೋರೇಜಿನಲ್ಲಿ ಇಟ್ಟರೆ ತಯಾರಕ ಕಂಪನಿಗಳು ಬೆಂಬಲ ನೀಡುತ್ತವೆಯೇ ಎಂದು ಕೇಳುವ ಪತ್ರಗಳು ಬರುತ್ತಲೇ ಇವೆ. ಅವುಗಳಲ್ಲಿ ಆರನ್ನು ಆಯ್ದು ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ನಮ್ಮ ಪತ್ತಿನ ಸಹಕಾರ ಸಂಘದ ಲೆಕ್ಕಪತ್ರ ತಂತ್ರಾಂಶವು ಆರಕಲ್ ಡೇಟಾಬೇಸಿನ ಮೇಲೆ ನಡೆಯುತ್ತಿದೆ. ಹಳೆಯ ಸರ್ವರಿನ ಡಿಸ್ಕುಗಳು ತುಂಬಿರುವುದರಿಂದ ಎನ್‌ಎಫ್‌ಎಸ್ (ನೆಟ್‌ವರ್ಕಿನಲ್ಲಿ ಫೈಲುಗಳನ್ನು ಹಂಚಿಕೊಳ್ಳುವ ವ್ಯವಸ್ಥೆ) ಮೂಲಕ ಜಾಗ ಒದಗಿಸುವ ಸ್ಟೋರೇಜ್ ಸಾಧನವೊಂದನ್ನು ಕೊಳ್ಳಲು ಆಡಳಿತ ಮಂಡಳಿ ಯೋಚಿಸಿದೆ. ಸಾಧನ ಮಾರುವವರು ‘ಆರಕಲ್‌ಗೆ ಪೂರ್ತಿ ಸಪೋರ್ಟ್ ಇದೆ, ಸರ್ಟಿಫಿಕೇಟೂ ಇದೆ’ ಎನ್ನುತ್ತಾರೆ. ತಂತ್ರಾಂಶ ನೋಡಿಕೊಳ್ಳುವವರು ‘ನೆಟ್‌ವರ್ಕ್ ಫೈಲ್ ಮೇಲೆ ಡೇಟಾಬೇಸ್ ಇಡಲೇಬಾರದು’ ಎನ್ನುತ್ತಾರೆ. ಯಾರ ಮಾತನ್ನು ನಂಬುವುದು?
— ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಇಬ್ಬರ ಮಾತಿನಲ್ಲೂ ಅರ್ಧ ಸತ್ಯವಿದೆ. ಉಳಿದ ಅರ್ಧವನ್ನು ಹಣ ಕೊಡುವ ಮುಂಚೆಯೇ ನೀವು ಲಿಖಿತವಾಗಿ ಕೇಳಿ ಪಡೆಯಬೇಕು.

ಮೊದಲು ಸರ್ಟಿಫಿಕೇಟಿನ ವಿಷಯ. ಆರಕಲ್ ಕಂಪನಿಯು ಹಿಂದೆ ಸ್ಟೋರೇಜ್ ಹೊಂದಾಣಿಕೆಗೆಂದೇ ಒಂದು ಕಾರ್ಯಕ್ರಮವನ್ನು ನಡೆಸುತ್ತಿತ್ತು. ಸ್ಟೋರೇಜ್ ತಯಾರಕರು ಆರಕಲ್ ಒದಗಿಸಿದ ಪರೀಕ್ಷೆಗಳನ್ನು ತಮ್ಮ ಸಾಧನದ ಮೇಲೆ ನಡೆಸಿ, ಫಲಿತಾಂಶವನ್ನು ಒಪ್ಪಿಸಿ, ಪಟ್ಟಿಯಲ್ಲಿ ಸ್ಥಾನ ಪಡೆಯುತ್ತಿದ್ದರು. ನೆಟ್‌ಆ್ಯಪ್‌ನಂತಹ ಕಂಪನಿಗಳ ಎನ್‌ಎಫ್‌ಎಸ್ ಸಾಧನಗಳೂ ಅದರಲ್ಲಿದ್ದವು. ಆ ಕಾರ್ಯಕ್ರಮವನ್ನು 2007ರ ಜನವರಿಯಲ್ಲಿ ನಿಲ್ಲಿಸಲಾಯಿತು. ಹೀಗಾಗಿ ಮಾರಾಟಗಾರರು ಈಗ ತೋರಿಸುವ ಸರ್ಟಿಫಿಕೇಟು ಆ ಕಾರ್ಯಕ್ರಮದ್ದೇ ಆಗಿದ್ದರೆ ಅದು ಬಹಳ ಹಳೆಯ ಕಾಗದ. ಇಲ್ಲವಾದರೆ ಸಾಧನ ತಯಾರಕರು ತಾವೇ ನಡೆಸಿಕೊಂಡ ಪರೀಕ್ಷೆಯ ವರದಿ. ಇಂತಹ ವರದಿಗೆ ಬೆಲೆಯೇ ಇಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಅದು ಸಾಧನ ತಯಾರಕರು ಕೊಟ್ಟ ಮಾತೇ ಹೊರತು ಆರಕಲ್ ಕೊಟ್ಟ ಮಾತಲ್ಲ ಎಂಬುದು ಆಡಳಿತ ಮಂಡಳಿಗೆ ಸ್ಪಷ್ಟವಾಗಿರಬೇಕು.

ಇನ್ನು ‘ಇಡಲೇಬಾರದು’ ಎಂಬ ಮಾತು. ಎನ್‌ಎಫ್‌ಎಸ್ ಅನ್ನು ಸನ್ ಮೈಕ್ರೋಸಿಸ್ಟಮ್ಸ್ ಕಂಪನಿಯು 1984ರಲ್ಲಿ ಹೊರತಂದಾಗ ಬಳಕೆದಾರರ ಮನೆ-ಫೋಲ್ಡರುಗಳನ್ನು ಹಂಚಿಕೊಳ್ಳುವುದೇ ಅದರ ಮುಖ್ಯ ಉಪಯೋಗವಾಗಿತ್ತು. ಅದರ ಮೇಲೆ ಡೇಟಾಬೇಸ್ ಇಡುವುದನ್ನು ಹಿರಿಯ ತಂತ್ರಜ್ಞರು ವಿರೋಧಿಸುತ್ತಿದ್ದುದಕ್ಕೆ ಆಗ ಕಾರಣವೂ ಇತ್ತು. ಆದರೆ ಆರಕಲ್ ಮಟ್ಟಿಗೆ ಆ ವಿರೋಧ ಇಂದು ನಿಲ್ಲುವುದಿಲ್ಲ. 2007ರಲ್ಲಿ ಬಂದ 11ಜಿ ಆವೃತ್ತಿಯಲ್ಲಿ ‘ಡೈರೆಕ್ಟ್ ಎನ್‌ಎಫ್‌ಎಸ್’ ಎಂಬ ಸೌಲಭ್ಯವನ್ನು ಡೇಟಾಬೇಸಿನೊಳಗೇ ಕಟ್ಟಿ ಕೊಡಲಾಯಿತು. ಅಂದರೆ ಡೇಟಾಬೇಸ್ ತಾನೇ ಎನ್‌ಎಫ್‌ಎಸ್ ಭಾಷೆಯಲ್ಲಿ ಸ್ಟೋರೇಜಿನೊಡನೆ ಮಾತನಾಡುತ್ತದೆ, ಓದು-ಬರಹಗಳಿಗಾಗಿ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನೆಲ್ಲಿನ ಎನ್‌ಎಫ್‌ಎಸ್ ಭಾಗವನ್ನು ಅವಲಂಬಿಸುವುದಿಲ್ಲ, ಒಂದೇ ಸ್ಟೋರೇಜಿಗೆ ನಾಲ್ಕು ನೆಟ್‌ವರ್ಕ್ ದಾರಿಗಳವರೆಗೆ ಬಳಸಿಕೊಳ್ಳಬಲ್ಲದು. ತಾನೇ ಇಷ್ಟು ಶ್ರಮವಹಿಸಿ ಕಟ್ಟಿದ ವ್ಯವಸ್ಥೆಯನ್ನು ಆರಕಲ್ ‘ಬೆಂಬಲವಿಲ್ಲ’ ಎಂದು ತಳ್ಳಿಹಾಕುವುದಿಲ್ಲ.

ಆದರೆ ಆ ಬೆಂಬಲ ಷರತ್ತಿನದು, ಮತ್ತು ಷರತ್ತುಗಳು ಬಹಳ ನಿರ್ದಿಷ್ಟವಾಗಿವೆ. ಲಿನಕ್ಸಿನಲ್ಲಿ ಡೇಟಾಫೈಲುಗಳಿರುವ ಜಾಗವನ್ನು ‘ಹಾರ್ಡ್’ ಆಗಿ (ಸ್ಟೋರೇಜು ಸಿಗದಿದ್ದರೆ ಕೈಬಿಡದೆ ಕಾಯುವಂತೆ), ಟಿಸಿಪಿ ಮೂಲಕ, ಓದುವ ಮತ್ತು ಬರೆಯುವ ಗಾತ್ರ 32768 ಬೈಟುಗಳಿರುವಂತೆ, ಕಾಯುವ ಅವಧಿ 600 ಎಂದು ಕೊಟ್ಟು ಮೌಂಟ್ ಮಾಡಬೇಕೆಂದು (ಯಂತ್ರಕ್ಕೆ ಜೋಡಿಸಬೇಕೆಂದು) ಆರಕಲ್‌ನ ಬೆಂಬಲ ಟಿಪ್ಪಣಿಗಳು ಹೇಳುತ್ತವೆ. ಈ 600 ಎಂಬುದು ಸೆಕೆಂಡಿನ ಹತ್ತನೇ ಒಂದು ಭಾಗದ ಲೆಕ್ಕದಲ್ಲಿದೆ, ಅಂದರೆ ಒಂದು ನಿಮಿಷ. ಹಲವು ಸರ್ವರುಗಳು ಒಂದೇ ಡೇಟಾಬೇಸನ್ನು ಒಟ್ಟಿಗೆ ನಡೆಸುವ ಆರ್‌ಎಸಿ ವ್ಯವಸ್ಥೆಯಾದರೆ ಫೈಲಿನ ಗುಣವಿವರಗಳನ್ನು ನೆನಪಿನಲ್ಲಿಟ್ಟುಕೊಳ್ಳುವ ಅವಧಿಯನ್ನು ಸೊನ್ನೆ ಮಾಡಲೇಬೇಕು. ಲಿನಕ್ಸಿನ ರೂಢಿಯ ಹೊಂದಿಕೆಯಲ್ಲಿ ಒಂದು ಯಂತ್ರವು ಫೈಲಿನ ಗಾತ್ರ ಮುಂತಾದ ವಿವರಗಳನ್ನು 3ರಿಂದ 60 ಸೆಕೆಂಡುಗಳ ಕಾಲ ಮತ್ತೆ ಕೇಳದೆ ನಂಬಿಕೊಂಡಿರುತ್ತದೆ. ಇನ್ನೊಂದು ಯಂತ್ರ ಅಷ್ಟರಲ್ಲಿ ಫೈಲನ್ನು ಬೆಳೆಸಿದ್ದರೆ ಇದಕ್ಕೆ ತಿಳಿಯುವುದೇ ಇಲ್ಲ. ಷರತ್ತುಗಳು ಸರಿಯಿಲ್ಲದಿದ್ದಾಗ ಡೇಟಾಬೇಸು ‘ಓಆರ್‌ಎ-27054’ ಎಂಬ ದೋಷಸಂಖ್ಯೆ ತೋರಿಸಿ ಫೈಲು ತೆರೆಯಲು ನಿರಾಕರಿಸುವುದುಂಟು. ಅದನ್ನು ಹೇಗಾದರೂ ದಾಟಿಹೋಗುವ ದಾರಿ ಹುಡುಕುವವರನ್ನು ನಾನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಬೆಂಬಲದ ಗೆರೆ ಎಲ್ಲಿದೆಯೆಂದು ತಂತ್ರಾಂಶವೇ ನಿಮಗೆ ತೋರಿಸುತ್ತಿರುವ ಜಾಗ ಅದು.

ಡೈರೆಕ್ಟ್ ಎನ್‌ಎಫ್‌ಎಸ್ ಬಳಸುವವರು ಒಂದು ಸಂಗತಿಯನ್ನು ಖುದ್ದಾಗಿ ನೋಡಿ ಖಚಿತಪಡಿಸಿಕೊಳ್ಳಬೇಕು. ಯಾವುದೋ ಕಾರಣಕ್ಕೆ ಆ ಸೌಲಭ್ಯ ಕೆಲಸಮಾಡದಿದ್ದರೆ ಡೇಟಾಬೇಸು ನಿಲ್ಲುವುದಿಲ್ಲ, ಸದ್ದಿಲ್ಲದೆ ಕರ್ನೆಲ್ಲಿನ ಎನ್‌ಎಫ್‌ಎಸ್‌ಗೆ ಮರಳುತ್ತದೆ. ಡೇಟಾಬೇಸ್ ಪ್ರಾರಂಭವಾಗುವಾಗ ಅಲರ್ಟ್ ಲಾಗಿನಲ್ಲಿ ‘ಡೈರೆಕ್ಟ್ ಎನ್‌ಎಫ್‌ಎಸ್ ಓಡಿಎಂ ಲೈಬ್ರರಿ’ ಎಂಬ ಸಾಲು ಬಂದಿದೆಯೇ ಎಂದು ಹುಡುಕಿ. ಜೊತೆಗೆ ‘ವಿ ಡಾಲರ್ ಡಿಎನ್‌ಎಫ್‌ಎಸ್ ಸರ್ವರ್ಸ್’ ಎಂಬ ನೋಟದಲ್ಲಿ (ವ್ಯೂ) ನಿಮ್ಮ ಸ್ಟೋರೇಜಿನ ಹೆಸರಿದೆಯೇ ಎಂದು ನೋಡಿ. ಫೈಲುಗಳನ್ನು ತೆರೆದ ನಂತರವೂ ಆ ನೋಟ ಖಾಲಿಯಿದ್ದರೆ ನೀವು ಬಳಸುತ್ತಿರುವುದು ಡೈರೆಕ್ಟ್ ಎನ್‌ಎಫ್‌ಎಸ್ ಅಲ್ಲ. ಮೌಂಟ್ ಹೊಂದಿಕೆಗಳನ್ನು ಎರಡೂ ಸಂದರ್ಭಗಳಿಗೆ ಸರಿಯಾಗಿಟ್ಟಿರಬೇಕಾದ ಕಾರಣ ಇದೇ.

ಇಷ್ಟಾದ ಮೇಲೂ ಮೂಲ ಪ್ರಶ್ನೆ ಸಾಧನದ ಬಗೆಗೇ ಉಳಿಯುತ್ತದೆ. ಡೇಟಾಬೇಸು ‘ವ್ಯವಹಾರ ಮುಗಿಯಿತು’ ಎಂದು ನಿಮ್ಮ ಗುಮಾಸ್ತರ ಪರದೆಯ ಮೇಲೆ ತೋರಿಸುವ ಕ್ಷಣಕ್ಕೆ, ಆ ನಮೂದು ಕರೆಂಟು ಹೋದರೂ ಅಳಿಯದ ಜಾಗವನ್ನು ತಲುಪಿರಬೇಕು. 1995ರಲ್ಲಿ ಪ್ರಕಟವಾದ ಎನ್‌ಎಫ್‌ಎಸ್ ಮೂರನೇ ಆವೃತ್ತಿಯ ನಿಯಮದಲ್ಲಿ ಇದಕ್ಕೆ ಸ್ಪಷ್ಟ ವ್ಯವಸ್ಥೆಯಿದೆ. ಬರೆದದ್ದನ್ನು ಸರ್ವರು ತಾತ್ಕಾಲಿಕವಾಗಿ ಮೆಮೊರಿಯಲ್ಲಿ ಇಟ್ಟುಕೊಳ್ಳಬಹುದು, ಆದರೆ ಹಾಗೆ ಇಟ್ಟುಕೊಂಡಿದ್ದೇನೆಂದು ತಿಳಿಸಬೇಕು. ‘ಕಮಿಟ್’ ಎಂಬ ಕೋರಿಕೆ ಬಂದಾಗ ಎಲ್ಲವನ್ನೂ ಡಿಸ್ಕಿಗೆ ಇಳಿಸಿದ ಮೇಲೆಯೇ ಉತ್ತರಿಸಬೇಕು. ನಡುವೆ ಸರ್ವರು ಮರುಪ್ರಾರಂಭವಾದರೆ ಅದರ ಗುರುತುಸಂಖ್ಯೆ ಬದಲಾಗುವುದರಿಂದ ಬಳಕೆದಾರ ಯಂತ್ರವು ಅದನ್ನು ಗಮನಿಸಿ ಮತ್ತೊಮ್ಮೆ ಕಳುಹಿಸುತ್ತದೆ. ಈ ಸರಪಳಿ ತುಂಡಾಗುವುದು ಎಲ್ಲಿ ಎಂದರೆ, ವೇಗ ಹೆಚ್ಚಿಸುವ ಆಸೆಗೆ ಸರ್ವರಿನಲ್ಲಿ ‘ಅಸಿಂಕ್’ ಹೊಂದಿಕೆಯನ್ನು ಹಾಕಿದಾಗ. ಆಗ ಸರ್ವರು ಡಿಸ್ಕಿಗೆ ಬರೆಯುವ ಮುಂಚೆಯೇ ‘ಬರೆದಾಯಿತು’ ಎಂದುಬಿಡುತ್ತದೆ. ದೊಡ್ಡ ಸಾಧನಗಳು ಬ್ಯಾಟರಿ ರಕ್ಷಣೆಯ ಮೆಮೊರಿಯಲ್ಲಿ ನಮೂದನ್ನು ಹಿಡಿದಿಟ್ಟು ವೇಗವನ್ನೂ ಭದ್ರತೆಯನ್ನೂ ಒಟ್ಟಿಗೆ ಸಾಧಿಸುತ್ತವೆ. ಅಗ್ಗದ ಪೆಟ್ಟಿಗೆಗಳಲ್ಲಿ ಅಂತಹ ಮೆಮೊರಿ ಇಲ್ಲದಿದ್ದರೂ ವೇಗ ಮಾತ್ರ ಬಹಳ ಚೆನ್ನಾಗಿ ಕಂಡರೆ, ಆ ವೇಗ ಎಲ್ಲಿಂದ ಬಂತೆಂದು ಕೇಳಲೇಬೇಕು. ನಿಮ್ಮಲ್ಲಿರುವುದು ಸದಸ್ಯರ ಠೇವಣಿಯ ಲೆಕ್ಕ, ಅದರಲ್ಲಿ ಒಂದು ನಮೂದು ಕಾಣೆಯಾದರೂ ಸಂಘದ ಮೇಲಿನ ನಂಬಿಕೆ ಹೋಗುತ್ತದೆ.

ಕೊನೆಯದಾಗಿ, ನಿಮ್ಮ ತಂತ್ರಾಂಶ ನೋಡಿಕೊಳ್ಳುವವರ ನಿಲುವನ್ನು ಹಗುರವಾಗಿ ಕಾಣಬೇಡಿ. ಆರಕಲ್ ಒಪ್ಪಿದ ವ್ಯವಸ್ಥೆಯನ್ನು ಅವರೂ ಒಪ್ಪಬೇಕೆಂಬ ನಿಯಮವಿಲ್ಲ. ವಾರ್ಷಿಕ ನಿರ್ವಹಣಾ ಒಪ್ಪಂದದಲ್ಲಿ ಸ್ಥಳೀಯ ಡಿಸ್ಕೇ ಇರಬೇಕೆಂದು ಬರೆದಿದ್ದರೆ, ಎನ್‌ಎಫ್‌ಎಸ್‌ಗೆ ಹೋದ ದಿನವೇ ಅವರ ಬೆಂಬಲ ತಪ್ಪಬಹುದು. ಆ ಒಪ್ಪಂದವನ್ನು ತೆಗೆದು ಓದಿ. ತಿದ್ದುಪಡಿ ಮಾಡಿಸಿಕೊಳ್ಳದೆ ಸಾಧನಕ್ಕೆ ಆದೇಶ ಕೊಡಬೇಡಿ.

ಪ್ರಶ್ನೆ: ಕಾಲೇಜಿನ ಪೋಸ್ಟ್‌ಗ್ರೆಸ್ ಡೇಟಾಬೇಸನ್ನು ಎನ್‌ಎಫ್‌ಎಸ್ ಮೇಲೆ ಇಟ್ಟಿದ್ದೇವೆ. ನೆಟ್‌ವರ್ಕ್ ಸ್ವಿಚ್ಚು ಒಮ್ಮೆ ಮರುಪ್ರಾರಂಭವಾದಾಗ ಡೇಟಾಬೇಸು ‘ಪ್ಯಾನಿಕ್’ ಎಂಬ ಸಂದೇಶ ಬರೆದು ನಿಂತುಹೋಯಿತು. ಮೌಂಟ್ ಅನ್ನು ‘ಸಾಫ್ಟ್’ ಆಗಿ ಮಾಡಲಾಗಿತ್ತು. ‘ಹಾರ್ಡ್’ ಮಾಡಿದರೆ ಇಡೀ ಸರ್ವರೇ ನೇತಾಡುತ್ತದೆ ಎಂದು ಸಹೋದ್ಯೋಗಿಯೊಬ್ಬರು ಹೆದರಿಸುತ್ತಾರೆ. ಉಚಿತ ತಂತ್ರಾಂಶವಾದ್ದರಿಂದ ಇದಕ್ಕೆ ಬೆಂಬಲ ಯಾರನ್ನು ಕೇಳಬೇಕು?
— ಓದುಗರೊಬ್ಬರು, ಮೈಸೂರು

ಉತ್ತರ: ಪೋಸ್ಟ್‌ಗ್ರೆಸ್‌ಗೆ ಒಬ್ಬ ಮಾಲೀಕ ಕಂಪನಿಯಿಲ್ಲ. ಹೀಗಾಗಿ ಅದರ ಅಧಿಕೃತ ಕೈಪಿಡಿಯೇ ಮೊದಲ ಆಧಾರ. ಹಣ ಕೊಟ್ಟು ಬೆಂಬಲ ಪಡೆಯುವುದಾದರೆ ಆ ಸೇವೆ ನೀಡುವ ಕಂಪನಿಯೂ ಸಾಮಾನ್ಯವಾಗಿ ಅದೇ ಕೈಪಿಡಿಯಿಂದಲೇ ಪ್ರಾರಂಭಿಸುತ್ತದೆ. ಎನ್‌ಎಫ್‌ಎಸ್ ವಿಷಯದಲ್ಲಿ ಆ ಕೈಪಿಡಿ ಅಚ್ಚುಕಟ್ಟಾಗಿ ಮಾತನಾಡಿದೆ. ಎನ್‌ಎಫ್‌ಎಸ್ ಮೇಲೆ ಡೇಟಾ ಇಡಬಹುದು. ಪೋಸ್ಟ್‌ಗ್ರೆಸ್ ಅದಕ್ಕಾಗಿ ವಿಶೇಷವಾಗಿ ಏನನ್ನೂ ಮಾಡುವುದಿಲ್ಲ, ಸ್ಥಳೀಯ ಡಿಸ್ಕಿನಂತೆಯೇ ಅದು ನಡೆದುಕೊಳ್ಳುತ್ತದೆಂದು ಭಾವಿಸುತ್ತದೆ. ಕಡ್ಡಾಯದ ಷರತ್ತು ಒಂದೇ, ಮೌಂಟ್ ‘ಹಾರ್ಡ್’ ಆಗಿರಬೇಕು. ನಿಮ್ಮಲ್ಲಿ ಮೀರಿದ್ದು ಆ ಒಂದೇ ಷರತ್ತನ್ನು.

ಸಹೋದ್ಯೋಗಿಯ ಮಾತು ಸುಳ್ಳಲ್ಲ. ಹಾರ್ಡ್ ಮೌಂಟ್‌ನಲ್ಲಿ ಸ್ಟೋರೇಜು ಮರಳಿ ಸಿಗುವವರೆಗೆ ಡೇಟಾಬೇಸಿನ ಪ್ರಕ್ರಿಯೆಗಳು ಕಾಯುತ್ತವೆ, ಎಷ್ಟು ಹೊತ್ತಾದರೂ ಕಾಯುತ್ತವೆ. ಆದರೆ ಸ್ವಿಚ್ಚು ಎರಡು ನಿಮಿಷದಲ್ಲಿ ಎದ್ದರೆ ಎರಡು ನಿಮಿಷದ ನಂತರ ಕೆಲಸ ಮುಂದುವರಿಯುತ್ತದೆ, ಒಂದು ನಮೂದೂ ಕೆಡುವುದಿಲ್ಲ. ಸಾಫ್ಟ್ ಮೌಂಟ್‌ನಲ್ಲಿ ಕೆಲವು ಪ್ರಯತ್ನಗಳ ನಂತರ ಕರ್ನೆಲ್ಲು ಕೈಚೆಲ್ಲಿ ‘ಇನ್‌ಪುಟ್-ಔಟ್‌ಪುಟ್ ದೋಷ’ ಎಂದು ಡೇಟಾಬೇಸಿಗೆ ಹೇಳುತ್ತದೆ. ಡೇಟಾಬೇಸು ಆಗ ಮತ್ತೆ ಪ್ರಯತ್ನಿಸಬಹುದಲ್ಲ ಎಂದು ನೀವು ಕೇಳಬಹುದು. ಹಿಂದೆ ಅದು ಹಾಗೆಯೇ ಮಾಡುತ್ತಿತ್ತು. ಬರೆದದ್ದನ್ನು ಡಿಸ್ಕಿಗೆ ಇಳಿಸುವ ‘ಎಫ್‌ಸಿಂಕ್’ ಕರೆ ಒಮ್ಮೆ ವಿಫಲವಾದ ಮೇಲೆ ಲಿನಕ್ಸು ಆ ಪುಟಗಳನ್ನು ‘ಇಳಿಸಿಯಾಗಿದೆ’ ಎಂದೇ ಗುರುತಿಸಿಬಿಡಬಹುದು, ಎರಡನೇ ಕರೆ ಯಶಸ್ವಿಯಾದಂತೆ ಸುಳ್ಳೇ ಕಾಣಬಹುದು ಎಂಬುದು 2018ರಲ್ಲಿ ಪೋಸ್ಟ್‌ಗ್ರೆಸ್ ಅಭಿವೃದ್ಧಿಕಾರರ ಗಮನಕ್ಕೆ ಬಂತು. 2019ರ ಫೆಬ್ರುವರಿಯಲ್ಲಿ ಬಂದ 11.2 ಮತ್ತು ಅದರೊಡನೆ ಹೊರಬಂದ ಹಳೆಯ ಶಾಖೆಗಳ ಆವೃತ್ತಿಗಳಿಂದ ಮೊದಲುಗೊಂಡು, ಅಂತಹ ವೈಫಲ್ಯ ಕಂಡ ಕೂಡಲೇ ಡೇಟಾಬೇಸು ‘ಪ್ಯಾನಿಕ್’ ಎಂದು ಬರೆದು ನಿಲ್ಲುತ್ತದೆ. ಮತ್ತೆ ಏಳುವಾಗ ತನ್ನ ವ್ಯವಹಾರ ದಾಖಲೆಯಿಂದ ಎಲ್ಲವನ್ನೂ ಪುನಃ ಕಟ್ಟಿಕೊಳ್ಳುತ್ತದೆ. ನೀವು ಕಂಡ ಸಂದೇಶ ದತ್ತಾಂಶವನ್ನು ಕಾಪಾಡಲೆಂದೇ ಇರುವಂಥದ್ದು. ‘ಡೇಟಾ ಸಿಂಕ್ ರಿಟ್ರೈ’ ಎಂಬ ಹೊಂದಿಕೆಯನ್ನು ಬದಲಿಸಿ ಅದನ್ನು ಅಡಗಿಸುವ ಸಲಹೆ ಯಾರಾದರೂ ಕೊಟ್ಟರೆ ಒಪ್ಪಬೇಡಿ.

ಹಾರ್ಡ್ ಮಾಡಿದ ಮೇಲೆ ನೇತಾಡುವುದನ್ನು ಬೇಗ ಪತ್ತೆಹಚ್ಚುವ ನಿಗಾ ವ್ಯವಸ್ಥೆ ಬೇಕಾಗುತ್ತದೆ, ಕೈಪಿಡಿಯೂ ಅದನ್ನೇ ಹೇಳುತ್ತದೆ. ಬಳಕೆದಾರ ಯಂತ್ರದ ಕಡೆ ‘ಸಿಂಕ್’ ಹೊಂದಿಕೆ ಅಗತ್ಯವಿಲ್ಲ, ಏಕೆಂದರೆ ಪೋಸ್ಟ್‌ಗ್ರೆಸ್ ಬೇಕಾದಾಗ ತಾನೇ ಎಫ್‌ಸಿಂಕ್ ಕರೆಯುತ್ತದೆ. ಆದರೆ ಸರ್ವರ್ ಕಡೆಯ ಎಕ್ಸ್‌ಪೋರ್ಟ್ (ಹಂಚಿಕೆಯ ಹೊಂದಿಕೆ) ‘ಸಿಂಕ್’ ಆಗಿಯೇ, ಅಂದರೆ ಡಿಸ್ಕಿಗೆ ಬರೆದ ಮೇಲೆಯೇ ಉತ್ತರಿಸುವಂತೆ ಇರಬೇಕು. ಈ ಎರಡು ಬದಿಗಳನ್ನು ಅದಲುಬದಲು ಮಾಡಿಕೊಳ್ಳುವವರೇ ಹೆಚ್ಚು.

ಇನ್ನೊಂದು ಎಚ್ಚರಿಕೆ. ಮೌಂಟ್ ಆಗುವ ಫೋಲ್ಡರನ್ನೇ ನೇರವಾಗಿ ಡೇಟಾ ಫೋಲ್ಡರಾಗಿ ಬಳಸಬೇಡಿ, ಅದರೊಳಗೆ ಇನ್ನೊಂದು ಫೋಲ್ಡರ್ ಮಾಡಿ ಅಲ್ಲಿಡಿ. ಯಂತ್ರ ಏಳುವಾಗ ಎನ್‌ಎಫ್‌ಎಸ್ ತಡವಾಗಿ ಮೌಂಟ್ ಆದರೆ, ಒಳಫೋಲ್ಡರ್ ಕಾಣದೆ ಡೇಟಾಬೇಸು ಏಳುವುದಿಲ್ಲ, ಅಷ್ಟೇ. ಹಾಗಲ್ಲದೆ ಖಾಲಿ ಮೌಂಟ್ ಫೋಲ್ಡರಿನಲ್ಲಿ ಯಾವುದೋ ಸ್ಕ್ರಿಪ್ಟು ಹೊಸ ಡೇಟಾಬೇಸನ್ನೇ ಕಟ್ಟಿಟ್ಟರೆ, ಅದರ ಮೇಲೆ ನಿಜವಾದ ಸ್ಟೋರೇಜು ಬಂದು ಕುಳಿತಾಗ ಆಗುವ ಗೊಂದಲದಿಂದ ದತ್ತಾಂಶವೇ ಕೆಡಬಹುದು.

ಪ್ರಶ್ನೆ: ವಿಂಡೋಸ್ ಸರ್ವರಿನಲ್ಲಿ ನೆಟ್‌ವರ್ಕ್ ಹಂಚಿಕೆಯನ್ನು ‘ಝಡ್’ ಡ್ರೈವಾಗಿ ಜೋಡಿಸಿ ಎಸ್‌ಕ್ಯುಎಲ್ ಸರ್ವರ್‌ನ ಡೇಟಾಬೇಸ್ ಅಲ್ಲಿ ರಚಿಸಲು ಹೋದರೆ ಆಗುತ್ತಿಲ್ಲ. ಹಳೆಯ ಸರ್ವರಿನಲ್ಲಿ 5110 ಎಂಬ ದೋಷ ಬಂದಾಗ ‘ಟ್ರೇಸ್ ಫ್ಲ್ಯಾಗ್ 1807’ ಹಾಕಿ ದಾಟಿದ್ದೆವು. ಈಗಲೂ ಅದನ್ನೇ ಮಾಡಬೇಕೇ?
— ಓದುಗರೊಬ್ಬರು, ತುಮಕೂರು

ಉತ್ತರ: ಬೇಡ. ಆ ಫ್ಲ್ಯಾಗಿನ ಕಾಲ ಮುಗಿದಿದೆ. ಮೈಕ್ರೋಸಾಫ್ಟ್ ಹಿಂದೆ ನೆಟ್‌ವರ್ಕ್ ದಾರಿಯಲ್ಲಿ ಡೇಟಾಬೇಸ್ ಫೈಲು ಇಡುವುದನ್ನೇ ತಡೆಯುತ್ತಿತ್ತು. ಫ್ಲ್ಯಾಗು ಆ ತಡೆಯನ್ನು ಮಾತ್ರ ತೆಗೆಯುತ್ತಿತ್ತು, ಸಾಧನವು ನಂಬಿಕೆಗೆ ಅರ್ಹವೆಂದು ಖಚಿತಪಡಿಸುತ್ತಿರಲಿಲ್ಲ. 2008 ಆರ್2 ಆವೃತ್ತಿಯಿಂದ ಬಳಕೆದಾರರ ಡೇಟಾಬೇಸುಗಳನ್ನು ಎಸ್‌ಎಂಬಿ (ವಿಂಡೋಸಿನ ಫೈಲ್ ಹಂಚುವ ವ್ಯವಸ್ಥೆ) ಹಂಚಿಕೆಯಲ್ಲಿ ಇಡಲು ಅಧಿಕೃತ ಬೆಂಬಲ ದೊರೆಯಿತು, 2012ರ ಆವೃತ್ತಿಯಿಂದ ಸಿಸ್ಟಮ್ ಡೇಟಾಬೇಸುಗಳಿಗೂ, ಒಂದು ಯಂತ್ರ ಕೆಟ್ಟರೆ ಇನ್ನೊಂದು ಕೆಲಸ ವಹಿಸಿಕೊಳ್ಳುವ ಫೇಲ್‌ಓವರ್ ಕ್ಲಸ್ಟರಿಗೂ ಅದು ವಿಸ್ತರಿಸಿತು.

ನಿಮ್ಮ ತೊಂದರೆ ‘ಝಡ್’ನಲ್ಲಿದೆ. ಜೋಡಿಸಿದ ಡ್ರೈವ್ ಅಕ್ಷರಕ್ಕೆ ಬೆಂಬಲವಿಲ್ಲ. ಆ ಅಕ್ಷರ ನೀವು ಲಾಗಿನ್ ಆದ ಅಧಿವೇಶನಕ್ಕೆ ಸೇರಿದ್ದು, ಹಿನ್ನೆಲೆಯಲ್ಲಿ ನಡೆಯುವ ಡೇಟಾಬೇಸ್ ಸೇವೆಗೆ ಅದು ಕಾಣುವುದೂ ಇಲ್ಲ. ಎರಡು ಹಿಂಗೆರೆಗಳಿಂದ (\\) ಪ್ರಾರಂಭವಾಗುವ ಪೂರ್ಣ ವಿಳಾಸವನ್ನೇ ಕೊಡಬೇಕು. ತನ್ನದೇ ಯಂತ್ರಕ್ಕೆ ಸುತ್ತಿ ಬರುವ ವಿಳಾಸ, ಡಾಲರ್ ಚಿಹ್ನೆಯಲ್ಲಿ ಮುಗಿಯುವ ಆಡಳಿತಾತ್ಮಕ ಹಂಚಿಕೆ, ಇವೂ ಸಲ್ಲವು. ಸೇವೆ ಯಾವ ಖಾತೆಯಲ್ಲಿ ನಡೆಯುತ್ತದೆಯೋ ಆ ಖಾತೆಗೆ ಹಂಚಿಕೆಯ ಮೇಲೂ ಒಳಗಿನ ಎನ್‌ಟಿಎಫ್‌ಎಸ್ ಫೋಲ್ಡರಿನ ಮೇಲೂ ಪೂರ್ಣ ಅಧಿಕಾರ ಬೇಕು. ಫೈಲ್‌ಸ್ಟ್ರೀಮ್ ಸೌಲಭ್ಯ ಬಳಸುವ ಡೇಟಾಬೇಸಾದರೆ ಆ ಫೈಲುಗಳನ್ನು ಎಸ್‌ಎಂಬಿ ಮೇಲೆ ಇಡಲಾಗದು.

ವಿಂಡೋಸ್ ಸರ್ವರ್ 2012ರೊಂದಿಗೆ ಬಂದ ಎಸ್‌ಎಂಬಿ 3.0ರಲ್ಲಿ ಫೈಲ್ ಸರ್ವರ್ ಕ್ಲಸ್ಟರಿನ ಒಂದು ಯಂತ್ರ ಕೆಟ್ಟಾಗ ತೆರೆದಿರುವ ಫೈಲುಗಳು ಕಡಿದುಹೋಗದೆ ಇನ್ನೊಂದಕ್ಕೆ ಸಾಗುವ ಏರ್ಪಾಡಿದೆ. ಡೇಟಾಬೇಸಿಗೆ ಬಹಳ ಬೇಕಾದ ಗುಣವಿದು, ಆದರೆ ‘ಎಸ್‌ಎಂಬಿ 3 ಇದೆ’ ಎಂದು ಪೆಟ್ಟಿಗೆಯ ಮೇಲೆ ಬರೆದಿರುವ ಎಲ್ಲ ಸಾಧನಗಳೂ ಇದನ್ನು ಒದಗಿಸುವುದಿಲ್ಲ.

ಲಿನಕ್ಸಿನ ಮೇಲೆ ಎಸ್‌ಕ್ಯುಎಲ್ ಸರ್ವರ್ ನಡೆಸುವವರಿಗೆ ನಿಯಮ ಬೇರೆ. ಅಲ್ಲಿ ಎನ್‌ಎಫ್‌ಎಸ್ 4.2 ಅಥವಾ ನಂತರದ ಆವೃತ್ತಿ ಇರಲೇಬೇಕು, ಡೇಟಾ ಫೋಲ್ಡರುಗಳನ್ನು ಮಾತ್ರ ಅದರ ಮೇಲೆ ಇಡಬಹುದು, ಮೌಂಟ್ ಮಾಡುವಾಗ ‘ನೋಲಾಕ್’ ಹಾಕಬೇಕು ಎಂದು ಮೈಕ್ರೋಸಾಫ್ಟ್ ದಾಖಲೆ ಹೇಳುತ್ತದೆ. ಈ ಕೊನೆಯ ಮಾತನ್ನು ನೆನಪಿಡಿ, ಮುಂದಿನ ಉತ್ತರದಲ್ಲಿ ಬೇಕಾಗುತ್ತದೆ.

ಪ್ರಶ್ನೆ: ನಮ್ಮ ಕಂಪನಿಯಲ್ಲಿ ಮೈಎಸ್‌ಕ್ಯುಎಲ್ ಅನ್ನು ಕುಬರ್ನೆಟೀಸ್ (ತಂತ್ರಾಂಶದ ಪೊಟ್ಟಣಗಳಾದ ಕಂಟೇನರುಗಳನ್ನು ಹಲವು ಯಂತ್ರಗಳಲ್ಲಿ ನಡೆಸುವ ವ್ಯವಸ್ಥೆ) ಮೇಲೆ ಕಂಟೇನರಿನಲ್ಲಿ ನಡೆಸಿ, ದತ್ತಾಂಶವನ್ನು ಎನ್‌ಎಫ್‌ಎಸ್‌ನಲ್ಲಿ ಇಟ್ಟಿದ್ದೇವೆ. ಒಂದು ಯಂತ್ರ ಹಠಾತ್ತನೆ ನಿಂತು, ಕಂಟೇನರು ಇನ್ನೊಂದು ಯಂತ್ರದಲ್ಲಿ ಏಳಲು ಹೋದಾಗ ‘ಐಬಿಡೇಟಾ1 ಲಾಕ್ ಮಾಡಲಾಗುತ್ತಿಲ್ಲ, ದೋಷ 11’ ಎಂದು ಲಾಗಿನಲ್ಲಿ ಬಂತು. ‘ನೋಲಾಕ್’ ಹಾಕಿದರೆ ಸರಿಹೋಗುತ್ತದೆ ಎಂದು ತಂಡದವರು ಹೇಳುತ್ತಾರೆ. ಹಾಕೋಣವೇ?
— ಓದುಗರೊಬ್ಬರು, ಬೆಂಗಳೂರು

ಉತ್ತರ: ಖಂಡಿತ ಹಾಕಬೇಡಿ. ದೋಷ 11 ಎಂದರೆ ಆ ಫೈಲಿನ ಬೀಗ ಇನ್ನೊಬ್ಬರ ಕೈಯಲ್ಲಿದೆ ಎಂದರ್ಥ. ‘ನೋಲಾಕ್’ ಬೀಗವನ್ನು ಆಯಾ ಯಂತ್ರದೊಳಗೇ ಸೀಮಿತಗೊಳಿಸುತ್ತದೆ. ಎರಡು ಯಂತ್ರಗಳಲ್ಲಿ ಎರಡು ಮೈಎಸ್‌ಕ್ಯುಎಲ್ ಒಂದೇ ಡೇಟಾ ಫೋಲ್ಡರನ್ನು ಏಕಕಾಲಕ್ಕೆ ತೆರೆದರೂ ತಡೆಯುವವರೇ ಇರುವುದಿಲ್ಲ. ಒಂದು ಕಂಪನಿ ತನ್ನ ಡೇಟಾಬೇಸಿಗೆ ಬೇಕೆಂದು ಹೇಳುವ ಹೊಂದಿಕೆ ಇನ್ನೊಂದರ ಡೇಟಾಬೇಸಿಗೆ ವಿಷವಾಗಬಹುದು. ಬೆಂಬಲದ ಷರತ್ತುಗಳನ್ನು ಆಯಾ ಡೇಟಾಬೇಸಿನ ಕೈಪಿಡಿಯಿಂದಲೇ ತೆಗೆದುಕೊಳ್ಳಬೇಕೆಂದು ನಾನು ಒತ್ತಿ ಹೇಳುವುದು ಇದಕ್ಕೇ.

ಬೀಗ ಉಳಿದುಕೊಂಡದ್ದೇಕೆ ಎಂಬುದಕ್ಕೆ ನೀವು ಬಳಸುತ್ತಿರುವ ಎನ್‌ಎಫ್‌ಎಸ್ ಆವೃತ್ತಿಯಲ್ಲಿ ಉತ್ತರವಿದೆ. ಮೂರನೇ ಆವೃತ್ತಿಯಲ್ಲಿ ಬೀಗದ ವ್ಯವಹಾರವನ್ನು ಬೇರೆಯೇ ಒಂದು ಸೇವೆ ನೋಡಿಕೊಳ್ಳುತ್ತದೆ. ಬೀಗ ಹಿಡಿದ ಯಂತ್ರ ಸತ್ತರೆ, ಅದು ಮತ್ತೆ ಎದ್ದು ‘ನಾನು ಮರುಪ್ರಾರಂಭವಾಗಿದ್ದೇನೆ’ ಎಂದು ತಿಳಿಸುವವರೆಗೆ ಸರ್ವರು ಬೀಗವನ್ನು ಬಿಡುವುದಿಲ್ಲ. ಆ ಯಂತ್ರ ಮರಳಿ ಬರಲೇ ಇಲ್ಲವೆಂದರೆ ಬೀಗ ಅನಾಥವಾಗಿ ಉಳಿಯುತ್ತದೆ. ನಾಲ್ಕನೇ ಆವೃತ್ತಿಯಲ್ಲಿ ಬೀಗ ಗೇಣಿಯ ಆಧಾರದ ಮೇಲೆ ನಡೆಯುತ್ತದೆ. ನಿಗದಿತ ಅವಧಿಯೊಳಗೆ, ಲಿನಕ್ಸ್ ಸರ್ವರಿನಲ್ಲಿ ರೂಢಿಯಂತೆ 90 ಸೆಕೆಂಡುಗಳೊಳಗೆ, ಹಿಡಿದವರು ನವೀಕರಿಸದಿದ್ದರೆ ಸರ್ವರು ಅದನ್ನು ಹಿಂಪಡೆಯಬಹುದು. ಮೈಎಸ್‌ಕ್ಯುಎಲ್ ಕೈಪಿಡಿಯೂ ಎನ್‌ಎಫ್‌ಎಸ್ ಬಳಕೆಗೆ ಎಚ್ಚರಿಕೆಯನ್ನು ಬರೆದು, ಬೀಗದ ತೊಂದರೆಗಳಿಗೆ ನಾಲ್ಕನೇ ಆವೃತ್ತಿಯಲ್ಲಿ ಪರಿಹಾರವಿದೆಯೆಂದು ಸೂಚಿಸುತ್ತದೆ, ಟಿಸಿಪಿ ಮತ್ತು ಹಾರ್ಡ್ ಮೌಂಟ್ ಬಳಸಲು ಹೇಳುತ್ತದೆ. ಅದೇ ಪಟ್ಟಿಯಲ್ಲಿ ‘ಇಂಟರ್’ ಎಂಬ ಹೊಂದಿಕೆಯನ್ನೂ ಕಾಣುತ್ತೀರಿ. ಲಿನಕ್ಸ್ ಕರ್ನೆಲ್ 2.6.25ರ ನಂತರ ಅದಕ್ಕೆ ಯಾವ ಪರಿಣಾಮವೂ ಇಲ್ಲ, ಇದ್ದರೆ ತೊಂದರೆಯೂ ಇಲ್ಲ.

ಗೇಣಿ ಪದ್ಧತಿಗೂ ಒಂದು ಅಪಾಯವಿದೆ. ಹಳೆಯ ಯಂತ್ರ ಸತ್ತಿರದೆ, ಅದರ ನೆಟ್‌ವರ್ಕ್ ಮಾತ್ರ ಕಡಿದಿದ್ದರೆ, ಅವಧಿ ಮುಗಿದು ಬೀಗ ಹೊಸ ಕಂಟೇನರಿಗೆ ಹೋದ ಮೇಲೆ ಹಳೆಯದು ಮರಳಿ ಬಂದು ತನ್ನ ಬಳಿ ಬಾಕಿಯಿದ್ದುದನ್ನು ಬರೆಯಲು ನೋಡಬಹುದು. ಅದಕ್ಕಾಗಿ ಹಳೆಯ ಯಂತ್ರವನ್ನು ಕರೆಂಟಿನಿಂದಲೇ ತೆಗೆದು, ಅಥವಾ ಸ್ಟೋರೇಜಿನ ಎಕ್ಸ್‌ಪೋರ್ಟ್ ಪಟ್ಟಿಯಿಂದ ಅದರ ವಿಳಾಸವನ್ನು ಅಳಿಸಿ, ಅದು ಬರೆಯಲಾರದೆಂದು ಖಚಿತವಾದ ಮೇಲೆಯೇ ಹೊಸ ಕಂಟೇನರನ್ನು ಎಬ್ಬಿಸಬೇಕು. ಅನಾಥ ಬೀಗವನ್ನು ಸ್ಟೋರೇಜಿನ ಕಡೆಯಿಂದ ಬಿಡಿಸುವ ಮೊದಲೂ ಇದೇ ಕ್ರಮ.

ಪ್ರಶ್ನೆ: ಗ್ರಂಥಾಲಯದ ಪುಸ್ತಕ ಪಟ್ಟಿಗೆ ಎಸ್‌ಕ್ಯುಎಲೈಟ್ ಬಳಸುವ ಚಿಕ್ಕ ತಂತ್ರಾಂಶವಿದೆ. ಅದರ ಫೈಲನ್ನು ಹಂಚಿದ ಫೋಲ್ಡರಿನಲ್ಲಿಟ್ಟು ಮೂರು ಕಂಪ್ಯೂಟರುಗಳಿಂದ ತೆರೆಯಬಹುದೇ?
— ಓದುಗರೊಬ್ಬರು, ಶಿರಸಿ

ಉತ್ತರ: ಬೇಡ. ಹಲವು ಎನ್‌ಎಫ್‌ಎಸ್ ವ್ಯವಸ್ಥೆಗಳಲ್ಲಿ ಫೈಲ್ ಬೀಗ ಸರಿಯಾಗಿ ಕೆಲಸಮಾಡುವುದಿಲ್ಲವೆಂದೂ, ಹಲವರು ಒಟ್ಟಿಗೆ ಬಳಸುವ ಫೈಲನ್ನು ಅಲ್ಲಿ ಇಡಬಾರದೆಂದೂ ಎಸ್‌ಕ್ಯುಎಲೈಟ್ ಅಭಿವೃದ್ಧಿಕಾರರೇ ಹೇಳಿದ್ದಾರೆ. ಅದರ ‘ಡಬ್ಲ್ಯುಎಎಲ್’ ವಿಧಾನಕ್ಕಂತೂ ಎಲ್ಲ ಬಳಕೆದಾರರೂ ಒಂದೇ ಯಂತ್ರದ ಮೆಮೊರಿಯನ್ನು ಹಂಚಿಕೊಳ್ಳಬೇಕಾದ್ದರಿಂದ ಜಾಲದ ಮೇಲೆ ಅದು ನಡೆಯುವುದೇ ಇಲ್ಲ. ಒಂದು ಕಂಪ್ಯೂಟರಿನಲ್ಲಿ ಪೋಸ್ಟ್‌ಗ್ರೆಸ್ ಅಥವಾ ಮೈಎಸ್‌ಕ್ಯುಎಲ್ ಹಾಕಿ, ಉಳಿದವು ಅದಕ್ಕೆ ಸಂಪರ್ಕಿಸುವಂತೆ ತಂತ್ರಾಂಶವನ್ನು ಬದಲಿಸಿಕೊಳ್ಳಿ.

ಪ್ರಶ್ನೆ: ನಮ್ಮ ಸಂಸ್ಥೆ ಡೇಟಾಬೇಸಿಗಾಗಿ ಎನ್‌ಎಫ್‌ಎಸ್ ಸ್ಟೋರೇಜ್ ಕೊಳ್ಳಲು ಟೆಂಡರ್ ಕರೆಯಲಿದೆ. ‘ತಯಾರಕರ ಬೆಂಬಲ ಇರಬೇಕು’ ಎಂದು ಬರೆದರೆ ಸಾಕೇ? ಸಾಧನ ಬಂದ ಮೇಲೆ ನಾವೇ ಏನನ್ನು ಪರೀಕ್ಷಿಸಬಹುದು?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಆ ಒಂದು ಸಾಲು ಸಾಲದು, ಏಕೆಂದರೆ ಎಲ್ಲ ಬಿಡ್ಡುದಾರರೂ ಅದಕ್ಕೆ ‘ಹೌದು’ ಎಂದೇ ಬರೆಯುತ್ತಾರೆ. ಡೇಟಾಬೇಸಿನ ಆವೃತ್ತಿ, ಆಪರೇಟಿಂಗ್ ಸಿಸ್ಟಮ್ ಮತ್ತು ಅದರ ಕರ್ನೆಲ್, ಎನ್‌ಎಫ್‌ಎಸ್ ಆವೃತ್ತಿ, ಸಾಧನದ ಫರ್ಮ್‌ವೇರ್ (ಅದರೊಳಗಿನ ತಂತ್ರಾಂಶ), ಇವು ನಾಲ್ಕನ್ನೂ ಹೆಸರಿಸಿ, ಈ ಜೋಡಣೆಗೆ ಸಾಧನ ತಯಾರಕರ ಪ್ರಕಟಿತ ಹೊಂದಾಣಿಕೆ ದಾಖಲೆ ಇರಬೇಕೆಂದು ಬರೆಯಿರಿ. ಶಿಫಾರಸು ಮಾಡಿದ ಮೌಂಟ್ ಹೊಂದಿಕೆಗಳನ್ನು ಬಿಡ್ಡಿನ ಭಾಗವಾಗಿಯೇ ಕೇಳಿ; ಅವು ಡೇಟಾಬೇಸಿನ ಕೈಪಿಡಿಗೆ ವಿರುದ್ಧವಾಗಿದ್ದರೆ ಅಲ್ಲಿಯೇ ತಿಳಿದುಬಿಡುತ್ತದೆ. ದೋಷ ಬಂದಾಗ ಡೇಟಾಬೇಸಿನವರು ಸ್ಟೋರೇಜಿನವರ ಕಡೆಗೂ, ಸ್ಟೋರೇಜಿನವರು ಲಿನಕ್ಸಿನವರ ಕಡೆಗೂ ಬೆರಳು ತೋರಿಸುವುದು ಮಾಮೂಲಿ. ಆದ್ದರಿಂದ ಮೊದಲ ಕರೆಯನ್ನು ಯಾರು ತೆಗೆದುಕೊಳ್ಳಬೇಕು, ಉಳಿದವರನ್ನು ಸೇರಿಸಿಕೊಳ್ಳುವ ಹೊಣೆ ಯಾರದು ಎಂಬುದೂ ಲಿಖಿತವಾಗಿರಲಿ. ಬೇರೆ ಬೇರೆ ಕಂಪನಿಗಳು ಗ್ರಾಹಕರ ದೂರನ್ನು ಒಟ್ಟಾಗಿ ಬಿಡಿಸಲು ಟಿಎಸ್‌ಎನೆಟ್ ಎಂಬ ಒಕ್ಕೂಟವಿದೆ. ಬಿಡ್ಡುದಾರರ ತಯಾರಕ ಕಂಪನಿ ಅದರ ಸದಸ್ಯತ್ವ ಹೊಂದಿದೆಯೇ ಎಂದು ಕೇಳುವುದು ತಪ್ಪಲ್ಲ. ಮುಂದೆ ಫರ್ಮ್‌ವೇರ್ ಬದಲಾದಾಗ ಹೊಂದಾಣಿಕೆಯನ್ನು ಮತ್ತೆ ದೃಢೀಕರಿಸಬೇಕೆಂಬ ಷರತ್ತನ್ನೂ ಸೇರಿಸಿ, ಮರೆತುಹೋಗುವ ಸಾಲು ಇದೇ.

ಪರೀಕ್ಷೆಗೆ ದುಬಾರಿ ಉಪಕರಣ ಬೇಕಿಲ್ಲ. ನಿಜವಾದ ದತ್ತಾಂಶ ಸೇರಿಸುವ ಮೊದಲು, ಸಾಧನದ ಮೇಲೆ ಪ್ರಾಯೋಗಿಕ ಡೇಟಾಬೇಸೊಂದನ್ನು ಕಟ್ಟಿ, 1, 2, 3 ಎಂದು ಕ್ರಮಸಂಖ್ಯೆಯ ಸಾಲುಗಳನ್ನು ಒಂದೊಂದಾಗಿ ಸೇರಿಸುತ್ತ, ಪ್ರತಿ ಸಾಲಿಗೂ ಕಮಿಟ್ ಆದ ನಂತರವೇ ಆ ಸಂಖ್ಯೆಯನ್ನು ಮೂರನೆಯ ಕಂಪ್ಯೂಟರಿನ ಪರದೆಗೆ ಕಳುಹಿಸುವ ಚಿಕ್ಕ ಸ್ಕ್ರಿಪ್ಟು ಬರೆಸಿ. ಅದು ವೇಗವಾಗಿ ಓಡುತ್ತಿರುವಾಗ ಸ್ಟೋರೇಜ್ ಸಾಧನದ ಎಲ್ಲ ವಿದ್ಯುತ್ ತಂತಿಗಳನ್ನೂ ಒಟ್ಟಿಗೆ ಎಳೆಯಿರಿ. ಯುಪಿಎಸ್ ಇದ್ದರೆ ಅದರ ಮುಂದಿನ ತಂತಿಯನ್ನಲ್ಲ, ಸಾಧನಕ್ಕೆ ನೇರವಾಗಿ ಬರುವ ತಂತಿಗಳನ್ನು. ಜೊತೆಗೆ ಡೇಟಾಬೇಸ್ ಸರ್ವರಿನ ಕರೆಂಟನ್ನೂ ತೆಗೆಯಿರಿ; ಇಲ್ಲದಿದ್ದರೆ ಅದರ ಮೆಮೊರಿಯಲ್ಲಿ ಉಳಿದ ಪುಟಗಳು ಸಾಧನದ ತಪ್ಪನ್ನು ಮುಚ್ಚಿಬಿಡಬಹುದು. ಎರಡನ್ನೂ ಮತ್ತೆ ಎಬ್ಬಿಸಿ, ಡೇಟಾಬೇಸಿನಲ್ಲಿರುವ ಕೊನೆಯ ಸಂಖ್ಯೆಯನ್ನು ಪರದೆಯ ಮೇಲಿನ ಕೊನೆಯ ಸಂಖ್ಯೆಯೊಡನೆ ಹೋಲಿಸಿ. ಡೇಟಾಬೇಸಿನಲ್ಲಿ ಒಂದು ಹೆಚ್ಚಿದ್ದರೆ ತಪ್ಪಿಲ್ಲ. ಕಮಿಟ್ ಆಗಿ, ಸಂಖ್ಯೆ ಪರದೆಗೆ ಹೋಗುವಷ್ಟರಲ್ಲಿ ಕರೆಂಟು ಹೋಗಿರಬಹುದು. ಪರದೆಯ ಮೇಲೆ ಕಂಡ ಸಂಖ್ಯೆ ಡೇಟಾಬೇಸಿನಲ್ಲಿ ಇಲ್ಲವಾದರೆ, ಕಮಿಟ್ ಆಯಿತೆಂದು ಹೇಳಿದ ನಮೂದನ್ನು ಆ ವ್ಯವಸ್ಥೆ ಕಳೆದುಕೊಂಡಿದೆ. ಹಲವು ಬಾರಿ, ಬೇರೆ ಬೇರೆ ಹೊತ್ತಿನಲ್ಲಿ ತಂತಿ ಎಳೆದು ನೋಡಿ. ಈ ಪರೀಕ್ಷೆಯನ್ನು ಮಾರಾಟಗಾರರ ಇಂಜಿನಿಯರ್ ಎದುರಿನಲ್ಲೇ ನಡೆಸಬೇಕೆಂದೂ, ಅದರಲ್ಲಿ ಗೆದ್ದ ನಂತರವೇ ಸ್ವೀಕೃತಿ ಪತ್ರಕ್ಕೆ ಸಹಿ ಹಾಕಲಾಗುವುದೆಂದೂ ಟೆಂಡರಿನಲ್ಲೇ ಬರೆದಿಡಿ.